ಉಗ್ರಪ್ಪ ವಾಪಸು ಕೊಟ್ಟ ಕುರ್ಚಿ

ಹೋದ ತಿಂಗಳು ತೀರಿಕೊಂಡ ನನ್ನ ಗೆಳೆಯ ಉಗ್ರಪ್ಪನಿಗೆ ಹಗಲು ನಿದ್ದೆಯ ಕಾಯಿಲೆಯಿತ್ತು. ಚಿಕಿತ್ಸೆಯೂ ಇತ್ತು. ಅವನು ಬೇಡವೆಂದ.

ನಾವಿಬ್ಬರೂ ಒಂದೇ ಬೆಟಾಲಿಯನ್‌ನವರು. ಅವನು ಹವಾಲ್ದಾರ್, ನಾನು ಗುಮಾಸ್ತ. ಸೈನ್ಯ ಬಿಟ್ಟ ಮೇಲೆ ಅವನು ಉತ್ತರಹಳ್ಳಿಯ ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಿದ್ದ. ಅರವತ್ತೈದು ದಾಟಿದ್ದೇ ತೂಕಡಿಕೆ ಶುರುವಾಯಿತು. ಮಾತಿನ ನಡುವೆಯೇ ಕಣ್ಣು ಮುಚ್ಚಿಹೋಗುತ್ತಿತ್ತು.

"ರಾತ್ರಿಯೆಲ್ಲಾ ಗೊರಕೆ ಅಣ್ಣ, ಮಧ್ಯೆ ಮಧ್ಯೆ ಉಸಿರೇ ನಿಂತೋಗತ್ತೆ. ನಾನು ಅಲ್ಲಾಡಿಸಿ ಎಬ್ಬಿಸ್ಬೇಕು," ಎನ್ನುತ್ತಿದ್ದರು ಅವನ ಹೆಂಡತಿ ರಾಜಶ್ರೀ.

ಒಂದು ಮಧ್ಯಾಹ್ನ ಗೇಟಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆಹೋಗಿದ್ದವನ ಫೋಟೋವನ್ನು ಯಾರೋ ನಿವಾಸಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಕೆಳಗೆ, "ದೇಶ ಕಾದು ಸುಸ್ತಾಗಿದೆ, ಪಾಪ." ಅದರ ಕೆಳಗೆ ನಗುವ ಮುಖಗಳು. ಮರುದಿನ ಉಗ್ರಪ್ಪ ಕುರ್ಚಿಯನ್ನು ನಿವಾಸಿಗಳ ಸಂಘದ ಆಫೀಸಿಗೆ ವಾಪಸು ಕೊಟ್ಟ. ದಿನವಿಡೀ ನಿಂತೇ ಇರತೊಡಗಿದ.

ನಾನೇ ಅವನನ್ನು ಮಾಜಿ ಸೈನಿಕರ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ.

"ಹಗಲು ನಿದ್ದೆ ಬರುತ್ತಾ?" ಸೈನ್ಯದಲ್ಲಿ ಮೇಜರ್ ಆಗಿದ್ದ ಡಾಕ್ಟರ್ ಕೇಳಿದರು.

"ಇಲ್ಲ ಸಾರ್."

"ಸುಳ್ಳು ಸಾರ್. ಗೇಟಲ್ಲೇ ತೂಕಡಿಸ್ತಾನೆ," ಎಂದೆ ನಾನು.

ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬೇಕು, ಹೃದಯಕ್ಕೂ ಪೆಟ್ಟು ಬೀಳುತ್ತದೆ, ಪರೀಕ್ಷೆ ಮಾಡಿಸಿ, ರಾತ್ರಿ ಹಾಕಿಕೊಳ್ಳುವ ಯಂತ್ರವಿದೆ ಎಂದು ಡಾಕ್ಟರ್ ತಾಳ್ಮೆಯಿಂದ ವಿವರಿಸಿದರು. ಹೊರಗೆ ಬಂದವನೇ ಉಗ್ರಪ್ಪ ರೇಗಿದ.

"ಡ್ಯೂಟೀಲಿ ಮಲಗ್ತೀನಿ ಅಂತ ಆಫೀಸರ್ ಮುಂದೆ ಹೇಳ್ತೀಯೇನೋ? ಕಾವಲಲ್ಲಿ ಮಲಗಿದ ಹುಡುಗ್ರನ್ನ ನಾನು ಏನ್ ಮಾಡ್ತಿದ್ದೆ, ಮರೆತ್ಯಾ?"

"ನಿಂಗೆ ಹುಷಾರಿಲ್ಲ ಕಣೋ."

"ಆ ಹುಡುಗ್ರೂ ಹಾಗೇ ಅಂತಿದ್ರು."

ಮರೆತಿರಲಿಲ್ಲ. ಬೆನ್ನಿಗೆ ಮರಳಿನ ಚೀಲ ಕಟ್ಟಿ ಅವರನ್ನು ಮೈದಾನ ಸುತ್ತಿಸುತ್ತಿದ್ದ. ಈಗ ಅದೇ ಶಿಕ್ಷೆಯನ್ನು ತನಗೆ ತಾನೇ ವಿಧಿಸಿಕೊಂಡ. ತೂಕಡಿಸಿದ ದಿನ, ಪಾಳಿ ಮುಗಿದ ಮೇಲೆ, ಮರಳಿನ ಚೀಲ ಹೊತ್ತು ಸುಬ್ರಹ್ಮಣ್ಯಪುರದವರೆಗೆ ನಡೆದು ಬರುತ್ತಿದ್ದ. ನಾನು ಬೈದೆ, ರಾಜಶ್ರೀ ಅತ್ತರು. ಅವನು ಪರೀಕ್ಷೆಗೆ ಹೋಗಲೇ ಇಲ್ಲ. ಒಂದು ದಿನ ಚೀಲ ಹೊತ್ತು ಹೊರಟವನನ್ನು ನೋಡಿ ಬಾಲ್ಕನಿಯಿಂದ ಯಾರೋ, "ಅಂಕಲ್ ಫಿಟ್‌ನೆಸ್ ಸಖತ್!" ಎಂದು ಕೂಗಿದರಂತೆ. ಆ ಸಂಜೆಯೇ, ಚೀಲ ಬೆನ್ನಿಗಿರುವಾಗಲೇ, ರಸ್ತೆ ಬದಿಯಲ್ಲಿ ಕುಸಿದ. ಹೃದಯ ನಿಂತಿತ್ತು.

ಶ್ರದ್ಧಾಂಜಲಿ ಸಭೆಯಲ್ಲಿ ಸಂಘದ ಕಾರ್ಯದರ್ಶಿ, "ಸದಾ ಎಚ್ಚರವಾಗಿದ್ದ ಯೋಧ" ಎಂದು ಕೊಂಡಾಡಿದರು. ಫೋಟೋಗೆ ಹಾರ ಹಾಕಿ ಇಟ್ಟಿದ್ದು ಅದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ರಾಜಶ್ರೀ ಎದ್ದುಹೋಗಿ ಫೋಟೋ ಎತ್ತಿಕೊಂಡರು.

"ಇದರಲ್ಲಿ ಕೂರಿಸ್ಬೇಡಿ ಸಾರ್," ಎಂದರು. "ಮತ್ತೆ ಯಾರಾದ್ರೂ ಗ್ರೂಪಿಗೆ ಹಾಕ್ತಾರೆ."