ಹೆಂಗಸರ ತಪಾಸಣೆಯ ಕಾವ್ಯಶ್ರೀ

ಕಾವ್ಯಶ್ರೀಗೆ ದಿನಕ್ಕೆ ನೂರೈವತ್ತು ಹೆಂಗಸರ ಮೈ ಮುಟ್ಟುವ ಕೆಲಸ. ಭಾನುವಾರವಾದರೆ ಮುನ್ನೂರು ದಾಟುತ್ತದೆ. ಕುಶಾಲನಗರದಿಂದ ದುಬಾರೆಯ ಕಡೆ ಹೋಗುವ ದಾರಿಯಲ್ಲಿ ಒಂದು ನೀರಿನ ಪಾರ್ಕಿದೆ. ಅದರ ಗೇಟಿನ ಎಡಕ್ಕೆ, ನೀಲಿ ಪರದೆ ಇಳಿಬಿಟ್ಟ ತಗಡಿನ ಕೋಣೆಯೇ ಅವಳ ಆಫೀಸು. "ಕೈ ಮೇಲೆತ್ತಿ ಮೇಡಂ. ತಿರುಗಿ. ಆಯ್ತು, ಹೋಗಿ." ಬೆಳಗಿನಿಂದ ಸಂಜೆಯವರೆಗೆ ಇಷ್ಟೇ ಮಾತು. ಒಮ್ಮೆ ಮನೆಯಲ್ಲಿ ಮಗಳಿಗೆ ಅಂಗಿ ತೊಡಿಸುವಾಗಲೂ "ಕೈ ಮೇಲೆತ್ತಿ ಮೇಡಂ" ಎಂದುಬಿಟ್ಟಿದ್ದಳು. ಐದು ವರ್ಷದ ಮೋಕ್ಷಿತಾ ನಕ್ಕು ನಕ್ಕು ಹಾಸಿಗೆಯ ಮೇಲೆ ಉರುಳಿದ್ದಳು.

ಏಪ್ರಿಲ್‌ಗೆ ಮುಂಚೆ ಆ ಕೋಣೆ ಇರಲಿಲ್ಲ. ಕಾವ್ಯಶ್ರೀ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದಳು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಅಲೆಯ ಕೊಳದಲ್ಲಿ ಎರಡು ಗುಂಪಿನ ಹುಡುಗರಿಗೆ ಜಗಳ ಹತ್ತಿ, ಒಬ್ಬ ಚಡ್ಡಿಯ ಜೇಬಿನಿಂದ ಚಾಕು ತೆಗೆದ. ಇನ್ನೊಬ್ಬನ ತೋಳಿಗೆ ಏಳು ಹೊಲಿಗೆ ಬಿತ್ತು. ನೀರು ಕೆಂಪಾದ ವಿಡಿಯೋ ಊರೂರು ಸುತ್ತಿತು. ಮರುವಾರವೇ ಗೇಟಿಗೆ ಲೋಹ ಕಂಡರೆ ಕುಂಯ್‌ಗುಟ್ಟುವ ಕಮಾನು ಬಂತು, ಬ್ಯಾಗು ಬಿಚ್ಚಿ ನೋಡುವ ಮೇಜು ಬಂತು, ಹೊರಗಿನ ತಿಂಡಿ, ಎಲೆಅಡಿಕೆ, ಹೊಗೆಸೊಪ್ಪು ನಿಷೇಧ ಎಂಬ ಬೋರ್ಡು ಬಂತು. ಸೂಪರ್‌ವೈಸರ್ ಮಿಲನ್ ಅವಳನ್ನು ಕರೆದು, "ಹೆಂಗಸರನ್ನ ನೋಡೋಕೆ ಹೆಣ್ಣೇ ಬೇಕು, ನೀವು ನಿಂತ್ಕೊಳ್ತೀರಾ?" ಎಂದು ಕೇಳಿದ. ಬೇರೆಯವರೆಲ್ಲ ಮುಖ ಸಿಂಡರಿಸಿದ ಕೆಲಸಕ್ಕೆ ಅವಳು ಹೂಂ ಎಂದಳು.

ಅದಕ್ಕೆ ಕಾರಣವಿತ್ತು. ಅವಳು ಹೆದರುವ ಜಾತಿಯವಳು. ಮೈಸೂರಿನಲ್ಲಿ ಓದಿ ಬೆಳೆದು, ಸತೀಶನನ್ನು ಮದುವೆಯಾಗಿ ಈ ಕಡೆ ಬಂದ ಮೇಲೆ ಹೆದರಿಕೆ ಇನ್ನೂ ಹೆಚ್ಚಾಗಿತ್ತು. ಸತೀಶ ಪ್ರವಾಸಿಗರ ಜೀಪು ಓಡಿಸುತ್ತ ವಾರದಲ್ಲಿ ಐದು ದಿನ ಮಡಿಕೇರಿಯಲ್ಲೇ ಉಳಿಯುತ್ತಿದ್ದ. ಮಗಳಿಗೆ ಕೆಮ್ಮು ಬಂದರೆ ಅವಳು ಉಸಿರು ಎಣಿಸುತ್ತ ಕೂರುವಳು; ಶಾಲೆಯ ಉಯ್ಯಾಲೆಯ ಕೊಂಡಿ ಸವೆದಿದೆಯೇ ಎಂದು ಎರಡು ಸಲ ಹೋಗಿ ನೋಡಿಬಂದಿದ್ದಳು. ಮಕ್ಕಳು ಇಳಿಯುವ ನೀರಿಗೆ ಚಾಕು ಹೋಗಬಾರದು ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.

ಜನ ಮಾತ್ರ ಸುಮ್ಮನಿರಲಿಲ್ಲ.

"ಏನಮ್ಮಾ, ಒಳಗೆ ವಿಮಾನ ಹತ್ತುಸ್ತೀರಾ?"

"ದುಡ್ಡೂ ಕೊಟ್ಟು ಕಳ್ಳರ ಥರ ಕೈ ಎತ್ತಿ ನಿಲ್ಬೇಕಾ ನಾವು?"

ಹಾಸನದಿಂದ ಬಂದ ಅಜ್ಜಿಯೊಬ್ಬಳು ಸೀರೆಯ ಮಡಿಲಲ್ಲಿ ನಿಪ್ಪಟ್ಟು ಕಟ್ಟಿಕೊಂಡು ಬಂದಿದ್ದಳು. ಸಿಕ್ಕಿಬಿದ್ದಾಗ, "ತಗೋ, ನೀನೂ ಒಂದ್ ತಿನ್ನು, ಹೊಟ್ಟೆ ತಣ್ಣಗಾಗ್ಲಿ" ಎಂದು ಅವಳ ಕೈಗೇ ಒಂದು ತುರುಕಿ ಹೋದಳು. ಎಳೆಗೂಸು ಎತ್ತಿಕೊಂಡಿದ್ದ ಬೆಂಗಳೂರಿನ ಹುಡುಗಿಯೊಬ್ಬಳು ಮಾತ್ರ, "ಚೆನ್ನಾಗಿ ನೋಡಿ ಅಕ್ಕ, ಎಲ್ಲರನ್ನೂ ಹೀಗೇ ನೋಡ್ತೀರ ತಾನೆ?" ಎಂದು ಆತಂಕದಿಂದ ಕೇಳಿದ್ದಳು. ಆ ಒಂದು ಮಾತನ್ನು ಕಾವ್ಯಶ್ರೀ ಬಹಳ ದಿನ ನೆನೆದಳು.

ಕೈಯ ಹಿಂಬದಿಯಿಂದ ಸವರಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಬರಬರುತ್ತ ಕೈಗೇ ಕಣ್ಣು ಬಂದಂತಾಯಿತು. ತಾಳಿಗೆ ಸಿಕ್ಕಿಸಿದ ಪಿನ್ನು ಯಾವುದು, ರವಿಕೆಯೊಳಗಿನ ಪರ್ಸು ಯಾವುದು, ಸೊಂಟದಲ್ಲಿ ಸಿಗಿಸಿದ ಬೀಗದ ಕೈ ಯಾವುದು, ಮುಟ್ಟಿದೊಡನೆ ತಿಳಿಯುತ್ತಿತ್ತು. ಆದರೆ ಮುಟ್ಟಿಸಿಕೊಂಡವರು ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಪರದೆಯನ್ನೋ, ತಗಡನ್ನೋ ನೋಡುತ್ತ ನಿಲ್ಲುತ್ತಿದ್ದರು. ಬೀದಿಯ ಹೆಂಗಸರಿಗೂ ಅವಳ ಕೈ ಕಂಡರೆ ಏನೋ ಮುಜುಗರ. ಮುಂಚೆ ಕರಿಬೇವಿಗೆಂದು ಬಂದು ಅರ್ಧಗಂಟೆ ಕೂರುತ್ತಿದ್ದವರು ಈಗ ಬಾಗಿಲಲ್ಲೇ ನಿಂತು ಹೋಗುತ್ತಿದ್ದರು.

ಹೋಗದೆ ಉಳಿದವಳು ಸಿದ್ದಮ್ಮ ಒಬ್ಬಳೇ.

ಸಿದ್ದಮ್ಮನದು ಎದುರು ಮನೆ. ಅರಕಲಗೂಡಿನ ಕಡೆಯಿಂದ ಮಾವನ ಕಾಲಕ್ಕೆ ಬಂದು ನೆಲೆ ನಿಂತ ಸಂಸಾರ. ಅರವತ್ತು ದಾಟಿದರೂ ಗಟ್ಟಿ ಹೆಂಗಸು. ಮೋಕ್ಷಿತಾ ಹುಟ್ಟಿದಾಗ ತಾಯಿಯಿಲ್ಲದ ಕಾವ್ಯಶ್ರೀಗೆ ಬಾಣಂತನ ಮಾಡಿದವಳು ಅವಳೇ. ಯಾರೂ ಕೇಳಿಕೊಂಡಿರಲಿಲ್ಲ. ಮೂರನೆಯ ದಿನ ಹರಳೆಣ್ಣೆಯ ಬಟ್ಟಲು ಹಿಡಿದು ಬಂದು, "ಏಳವ್ವ, ನಾಚ್ಕೊಂಡ್ ಕುಂತ್ರೆ ಸೊಂಟ ನಿಲ್ಲಕಿಲ್ಲ" ಎಂದು ಬಚ್ಚಲಿಗೆ ನಡೆಸಿದ್ದಳು. ನಲವತ್ತು ದಿನ ತಾಯಿ ಮಗು ಇಬ್ಬರನ್ನೂ ಆ ದೊರಗು ಕೈಗಳೇ ತಿಕ್ಕಿ ಮೀಯಿಸಿದವು. ಕಾವ್ಯಶ್ರೀ ಅವಳನ್ನು ದೊಡ್ಡವ್ವ ಎನ್ನುತ್ತಿದ್ದಳು.

ದಸರಾ ರಜೆಯಲ್ಲಿ ಬೀದಿಯ ಸ್ತ್ರೀಶಕ್ತಿ ಸಂಘದವರು ಪಾರ್ಕಿಗೆ ಹೊರಟರು. ಸ್ಥಳೀಯರಿಗೆ ಆ ವಾರ ಅರ್ಧ ಟಿಕೆಟ್ಟು. ಸಂಘದ ಅಧ್ಯಕ್ಷೆ ವಿಮಲಮ್ಮ ಹಿಂದಿನ ಸಂಜೆಯೇ ಕೂಗಿ ಹೇಳಿದ್ದಳು: "ನಮ್ಮ ಕಾವ್ಯ ಅವ್ಳಲ್ಲ, ನಮ್ನೇನು ತಡೀತಾಳಾ? ಚಿತ್ರಾನ್ನ ಜಾಸ್ತೀನೇ ಕಲ್ಸಿ."

ತಡೆಯದೆ ಗತಿಯಿರಲಿಲ್ಲ. ಪರಿಚಯದವರನ್ನು ಹಾಗೇ ಬಿಡುತ್ತಾರೆಂದು ಯಾರೋ ದೂರಿತ್ತ ಮೇಲೆ ಮಿಲನ್ ಆ ದಿನ ಪರದೆಯ ಹೊರಗೇ ಕುರ್ಚಿ ಹಾಕಿ ಕೂತಿದ್ದ. ಚಿತ್ರಾನ್ನದ ಡಬ್ಬಿಗಳು ಮೇಜಿನ ಮೇಲೇ ಉಳಿದವು. ವಿಮಲಮ್ಮನ ಮುಖ ಊದಿತು. "ಆಯ್ತು ಬಿಡಮ್ಮ, ಯೂನಿಫಾರಂ ಹಾಕಿದ್ ಮೇಲೆ ನಾವ್ಯಾರು ನಿಂಗೆ!" ಎಂದು ಒಳಗೆ ಬಂದು ಕೈ ಎತ್ತಿದಳು. ಕೊನೆಗೆ ಸಿದ್ದಮ್ಮನ ಸರದಿ ಬಂತು.

ಸಿದ್ದಮ್ಮ ಪರದೆ ಸರಿಸುತ್ತಲೇ, "ನನ್ನೂ ನೋಡ್ಬೇಕೇನವ್ವ?" ಎಂದಳು. ಕಾವ್ಯಶ್ರೀ ನಕ್ಕು ಕೈ ಚಾಚಿದಳು. ಎಡ ಕಂಕುಳ ಕೆಳಗೆ, ರವಿಕೆಯ ಅಂಚಿನಲ್ಲಿ ಕೈಗೆ ಗಟ್ಟಿಯಾದದ್ದೇನೋ ತಾಗಿತು. ಉರುಟಾಗಿ, ಸುಣ್ಣದ ಡಬ್ಬಿಯಷ್ಟು. ಎಲೆಅಡಿಕೆ ಬಿಟ್ಟಿರಲಾರದ ಮುದುಕಿ ಡಬ್ಬಿ ಬಚ್ಚಿಟ್ಟು ತಂದಿದ್ದಾಳೆಂದು ಅವಳಿಗೆ ತಮಾಷೆಯೆನಿಸಿತು. ಮಿಲನ್‌ಗೂ ಕೇಳಲಿ ಎಂದು ಜೋರಾಗಿಯೇ ಹೇಳಿದಳು:

"ತೆಗೀರಿ ದೊಡ್ಡವ್ವ ಅದನ್ನ! ತೆಗೀದೆ ಒಳಗೆ ಬಿಡಲ್ಲ."

ಸಿದ್ದಮ್ಮ ತೀರ ಸಣ್ಣ ದನಿಯಲ್ಲಿ, "ಅದು ತೆಗ್ಯಕ್ ಬರಕಿಲ್ಲ ಕಣ್ ಮಗ" ಎಂದಳು.

ಕಾವ್ಯಶ್ರೀಯ ಕೈ ಅಲ್ಲೇ ನಿಂತಿತು. ಇನ್ನೊಮ್ಮೆ ಮುಟ್ಟಿದಳು. ಅದು ಡಬ್ಬಿಯಾಗಿರಲಿಲ್ಲ. ಚರ್ಮದ ಒಳಗಿತ್ತು.

"ಯಾವಾಗಿಂದ?"

"ಯುಗಾದಿ ಹೊತ್ಗೆ ಹುಣಸೆಬೀಜದಷ್ಟಿತ್ತು."

"ಪುಟ್ಟರಾಜಣ್ಣಂಗೆ ಗೊತ್ತಾ?"

ಪುಟ್ಟರಾಜು ಸಿದ್ದಮ್ಮನ ಮಗ. ಅವನ ಹೆಸರು ಕೇಳಿದ್ದೇ ಮುದುಕಿ ಅವಳ ಮಣಿಕಟ್ಟು ಹಿಡಿದಳು. "ಅನ್ಬ್ಯಾಡ. ಯಾರ್ಗೂ ಅನ್ಬ್ಯಾಡ. ನಮ್ಮಕ್ಕ ಇದ್ನೇ ಕುಯ್ಸ್ಕೊಂಡು ಆರ್ ತಿಂಗ್ಳು ಬಾಳ್ಲಿಲ್ಲ. ನಾ ಕುಯ್ಸ್ಕಳಕಿಲ್ಲ. ಮಗಿನ್ ಮ್ಯಾಲೆ ಆಣೆ ಮಾಡು, ಮೋಕ್ಷಿ ಮ್ಯಾಲೆ."

"ದೊಡ್ಡವ್ವಾ..."

"ಮಾಡು!"

ಹೊರಗೆ ಮಿಲನ್ ಕುರ್ಚಿ ಎಳೆದ ಸದ್ದಾಯಿತು. ಹಿಂದೆ ಹದಿನೈದು ಜನ ಕಾಯುತ್ತಿದ್ದರು. ಕಾವ್ಯಶ್ರೀ ಆಣೆ ಮಾಡಿದಳು.

ಸಿದ್ದಮ್ಮ ಕಣ್ಣೊರೆಸಿಕೊಳ್ಳುತ್ತ ಹೊರಬಂದಾಗ ವಿಮಲಮ್ಮ ಕಾದು ನಿಂತಿದ್ದಳು. 'ತೆಗೀರಿ' ಎಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು. "ಏನ್ ತೆಗ್ಸಿದ್ಲು ಸಿದ್ದಕ್ಕ? ರವಿಕೆ ಬಿಚ್ಸಿದ್ಲಾ?" ಎಂದು ಕೇಳಿದಳು. ಸಿದ್ದಮ್ಮ ಸೆರಗು ಬಾಯಿಗೊತ್ತಿಕೊಂಡು ಸುಮ್ಮನೆ ನಿಂತಳು. ಅಷ್ಟು ಸಾಕಾಯಿತು.

ಸಂಜೆಯ ಹೊತ್ತಿಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಬಿದ್ದಿತ್ತು. 'ಮುದುಕಿಯೆಂದೂ ನೋಡದೆ ಬಟ್ಟೆ ಬಿಚ್ಚಿಸಿದ ಪಾರ್ಕ್ ಸಿಬ್ಬಂದಿ.' 'ಭದ್ರತೆ ಹೆಸರಲ್ಲಿ ಹೆಣ್ಣುಮಕ್ಕಳ ಮಾನ ಕಳೆಯುವವರಿಗೆ ಧಿಕ್ಕಾರ.' ಎಂದೂ ಪಾರ್ಕಿನ ಮುಖ ನೋಡದವರೂ ಬರೆದರು. ಮರುದಿನ ಪುಟ್ಟರಾಜು ಅವಳ ಅಂಗಳಕ್ಕೇ ಬಂದ.

"ನಿನ್ ಮೈ ತೊಳ್ದ ಕೈ ಕಣಮ್ಮ ಅದು! ಅವಳ್ನೇ ಬಿಚ್ಸಿ ನಿಲ್ಸಿದ್ಯಲ್ಲ, ಅನ್ನ ತಿಂತೀಯೋ ಇನ್ನೇನ್ ತಿಂತೀಯೋ!"

"ಒಳಗೆ ಬನ್ನಿ ಅಣ್ಣ, ಒಂದು ನಿಮಿಷ ಮಾತಾಡ್ಬೇಕು."

"ನಿನ್ ಮನೆ ಹೊಸ್ಲು ತುಳೀತೀನಾ ನಾನು?"

ಎಂಟು ಹತ್ತು ಜನ ಸೇರಿದ್ದರು. ಎದುರು ಮನೆಯ ಕಿಟಕಿಯಲ್ಲಿ ಸಿದ್ದಮ್ಮನ ಬಿಳಿ ತಲೆ ಕಾಣಿಸುತ್ತಿತ್ತು. ಒಂದೇ ಮಾತು ಸಾಕಿತ್ತು. ಆ ಮಾತಿನ ತುದಿಗೆ ಮೋಕ್ಷಿತಾ ಇದ್ದಳು. ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಬಿ.ಕಾಂ. ಓದಿದವಳು, ಆಣೆ ಮುರಿದರೆ ಮಗುವಿಗೆ ಏನಾಗುತ್ತದೆ ಎಂದು ತನ್ನನ್ನು ತಾನೇ ಗದರಿಕೊಂಡಳು. ಆದರೂ ನಾಲಿಗೆ ಏಳಲಿಲ್ಲ.

ಸಂಘದವರು ಪಂಚಾಯಿತಿಗೆ ಅರ್ಜಿ ಕೊಟ್ಟರು. ಮಿಲನ್ ಒಂದು ಬಿಳಿ ಹಾಳೆ ಮುಂದಿಟ್ಟ. "ಏನು ತೆಗೆಯೋಕೆ ಹೇಳಿದ್ರಿ ಅಂತ ಬರೀರಿ ಸಾಕು. ನೀವು ಬಿಚ್ಚಿಸೋರಲ್ಲ ಅಂತ ನಂಗೊತ್ತು. ಇದನ್ನ ಪಂಚಾಯ್ತೀಲಿ ಎಲ್ಲರೆದುರು ಓದಿದ್ರೆ ಮುಗೀತು." ಓದುತ್ತಾರೆಂಬುದೇ ಅವಳ ಸಂಕಟ. 'ಮಾತು ಗಟ್ಟಿಯಾಯಿತು, ನನ್ನಿಂದ ತಪ್ಪಾಯಿತು' ಎಂದು ಬರೆದು ಸಹಿ ಹಾಕಿದಳು. ಮಿಲನ್ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. ಮಾರನೆಯ ದಿನದಿಂದ ಅವಳನ್ನು ಚಪ್ಪಲಿ ಬಿಡುವ ಜಾಗಕ್ಕೆ ಹಾಕಿದರು.

ಸತೀಶ ಫೋನಿನಲ್ಲಿ, "ಹೋಗ್ಲಿ ಬಿಡು, ಜನ ಹದಿನೈದ್ ದಿನಕ್ಕೆ ಮರೀತಾರೆ" ಎಂದ. ಆದರೆ ಆ ಗಡ್ಡೆ ಹದಿನೈದು ದಿನ ಸುಮ್ಮನೆ ಕೂರುವುದಿಲ್ಲವಲ್ಲ! ಅವಳು ಮೊಬೈಲಿನಲ್ಲಿ ಅಂಥ ಗಡ್ಡೆಗಳ ಬಗ್ಗೆ ಓದಿದ್ದೇ ಓದಿದಳು. ಸಿದ್ದಮ್ಮನ ಮನೆಗೆ ಮೂರು ಸಲ ಹೋದಳು. ಮೂರು ಸಲವೂ ಸೊಸೆ ಬಾಗಿಲಿಗೆ ಅಡ್ಡ ನಿಂತು, "ಮಲ್ಗವ್ರೆ" ಎಂದಳು. ಒಳಗಿನಿಂದ ಎಲೆಅಡಿಕೆ ಕುಟ್ಟುವ ಸದ್ದು ಕೇಳುತ್ತಿತ್ತು.

ಮೂರನೆಯ ವಾರದ ಒಂದು ಬೆಳಿಗ್ಗೆ ಸಿದ್ದಮ್ಮ ಹಿತ್ತಲಿನಲ್ಲಿ ಒಬ್ಬಳೇ ಬಟ್ಟೆ ಒಣಹಾಕುವುದು ಕಾಣಿಸಿತು. ಎಡಗೈ ಮೇಲೇಳುತ್ತಿರಲಿಲ್ಲ; ಬಲಗೈಯಲ್ಲೇ ಸೀರೆಯನ್ನು ತಂತಿಯ ಮೇಲೆಸೆಯುತ್ತಿದ್ದಳು. ಕಾವ್ಯಶ್ರೀ ಬೇಲಿ ದಾಟಿ ಹೋಗಿ ಎದುರು ನಿಂತಳು.

"ದೊಡ್ಡವ್ವ, ಇವತ್ತು ಸಂಜೆ ಪುಟ್ಟರಾಜಣ್ಣಂಗೆ ಹೇಳ್ತೀನಿ."

"ಆಣೆ ಮಾಡಿದ್ದೀಯ."

"ಮುರೀತೀನಿ."

ಸಿದ್ದಮ್ಮನ ಕೈಯ ಬಟ್ಟೆ ಜಾರಿ ನೆಲಕ್ಕೆ ಬಿತ್ತು. "ಮಗಿನ್ ಮ್ಯಾಲೆ ಮಾಡಿದ್ದೀಯ ಕಣೇ! ನಿಂಗೇನ್ ತಲೆ ಕೆಟ್ಟೈತಾ? ಮೊನ್ನೆ ಮೊನ್ನೆ ನನ್ ಕಾಲ್ ಮ್ಯಾಲ್ ಮಲ್ಗಿದ್ ಕೂಸು ಅದು."

"ಗೊತ್ತು. ಆದ್ರೂ ಹೇಳ್ತೀನಿ."

ತಾನು ಹೇಳುತ್ತಿರುವುದು ನಿಜವೋ ಬರೀ ಬೆದರಿಕೆಯೋ ಕಾವ್ಯಶ್ರೀಗೇ ತಿಳಿದಿರಲಿಲ್ಲ. ಸಿದ್ದಮ್ಮ ಮಾತ್ರ ನಂಬಿದಳು. ಹಿತ್ತಲ ಕಲ್ಲಿನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು, "ಬ್ಯಾಡ. ಆಣೆ ಮುರೀಬ್ಯಾಡ. ನಾನೇ ಬತ್ತೀನಿ. ಎಲ್ಲಿಗ್ ಬೇಕಾರೂ ಬತ್ತೀನಿ" ಎಂದಳು. ಸತ್ತರೆ ಸಾಯಲಿ ಎಂದು ತನ್ನ ಜೀವದ ಆಸೆ ಬಿಟ್ಟಿದ್ದ ಮುದುಕಿ, ಮಗುವಿಗಾಗಿ ಒಪ್ಪಿದಳು.

ಗುರುವಾರ ಇಬ್ಬರೂ ಮಡಿಕೇರಿಯ ಬಸ್ಸು ಹತ್ತಿದರು. ಒಳಗೆ ಬೀದಿಯವರು ಇಬ್ಬರಿದ್ದರೆಂದು ಸಿದ್ದಮ್ಮ ಮುಂದೆ ಕೂತಳು, ಕಾವ್ಯಶ್ರೀ ಹಿಂದೆ. ದೊಡ್ಡಾಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡರು. ಡಾಕ್ಟರಮ್ಮ ಒಳ್ಳೆಯವಳು; ಸಂಜೆ ವರದಿ ನೋಡಿ, ತಡವಾಗಿದೆ, ಆದರೆ ಕೈ ಮೀರಿಲ್ಲ, ಮೈಸೂರಿಗೆ ಹೋಗಿ ತೆಗೆಸಿ ಎಂದಳು. ಚೀಟಿ ಬರೆಯುತ್ತ, "ಇವರು ನಿಮಗೇನಾಗಬೇಕು?" ಎಂದು ಕೇಳಿದಳು.

ಸಿದ್ದಮ್ಮ ಕಾವ್ಯಶ್ರೀಯ ಕಡೆ ನೋಡದೆ, "ನಮ್ ಬೀದಿಯೋರು" ಎಂದಳು.

ಹೊರಗೆ ಬಂದ ಮೇಲೆ ತಾನಾಗಿಯೇ ಮಾತು ತೆಗೆದಳು. "ಮಗಂಗೆ ನಾನೇ ಹೇಳ್ತೀನಿ. ಒಬ್ಳೇ ಹೋಗಿದ್ದೆ ಅಂತೀನಿ. ನಿಂಗೆ ಗೊತ್ತಿತ್ತು ಅಂದ್ರೆ, ಅವತ್ತು ಅಷ್ಟ್ ಜನದೆದ್ರು ಬೈದಿದ್ದು ಅವನ್ಗೆ ತಡ್ಕಳಕಾಗಕಿಲ್ಲ. ನಂಗೂ ಅಷ್ಟೆ, ಸುಮ್ಕಿದ್ದಿದ್ದು ನಾನೇ ಅಲ್ವಾ. ನಿಂಗ್ ಬೇಜಾರಿಲ್ಲ ತಾನೆ ಮಗ?"

"ಇಲ್ಲ ದೊಡ್ಡವ್ವ."

ಬೇಜಾರಿತ್ತು. ಕುಶಾಲನಗರದಲ್ಲಿ ಇಳಿದಾಗ, ತಾಯಿ ಬಸ್ಸಿನಿಂದ ಫೋನು ಮಾಡಿದ್ದಕ್ಕೆ ಪುಟ್ಟರಾಜು ಬೈಕು ತಂದು ನಿಂತಿದ್ದ. ಅವರು ಕಣ್ಮರೆಯಾಗುವವರೆಗೆ ಅವಳು ಹಣ್ಣಿನ ಅಂಗಡಿಯ ಮರೆಯಲ್ಲಿ ಬೇಡದ ಕಿತ್ತಳೆ ಆರಿಸುತ್ತ ನಿಂತಳು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಸಿದ್ದಮ್ಮ ಉಳಿದಳು. ಸಂಘದವರು ಟೆಂಪೋ ಮಾಡಿಕೊಂಡು ನೋಡಲು ಹೋದ ಭಾನುವಾರ ಕಾವ್ಯಶ್ರೀಯ ಬಾಗಿಲು ಯಾರೂ ತಟ್ಟಲಿಲ್ಲ. ಮೋಕ್ಷಿತಾ ಕಿಟಕಿ ಹತ್ತಿ ನಿಂತು, "ಅಮ್ಮ, ಅಜ್ಜೀನ ನೋಡೋಕೆ ನಾವ್ಯಾಕೆ ಹೋಗ್ಲಿಲ್ಲ?" ಎಂದು ಕೇಳಿದಳು. "ಟೆಂಪೋ ತುಂಬಿತ್ತು ಕಣಮ್ಮ" ಎಂದು ಹೇಳಿ ಅವಳನ್ನು ಕೆಳಗಿಳಿಸಿದಳು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ವಿಮಲಮ್ಮ ನೋಡಿಬಂದದ್ದನ್ನು ವರದಿ ಮಾಡುತ್ತಿದ್ದಳು. ಕಾವ್ಯಶ್ರೀ ಕೊಡ ಹಿಡಿದು ಬರುವುದು ಕಂಡರೂ ದನಿ ತಗ್ಗಿಸಲಿಲ್ಲ.

"ಅಷ್ಟ್ ಗಟ್ಟಿ ಜೀವಕ್ಕೆ ಎದೇಲಿ ಗಡ್ಡೆ ಎಲ್ಲಿಂದ ಬಂತು ಹೇಳಿ? ಅವತ್ತು ಅಲ್ಲಿ ಬಿಚ್ಸಿ ನಿಲ್ಸಿದ್ರಲ್ಲ, ಆ ಅವಮಾನ ಎದೆಗೇ ಇಳೀತು. ಒಳಗೇ ಗಂಟ್ ಕಟ್ತು."

"ಊಂ ಕಣಕ್ಕ, ಅದ್ಕೂ ಮುಂಚೆ ಏನೂ ಇರ್ಲಿಲ್ವಲ್ಲ."

ಅವಳು ಬಂದದ್ದಕ್ಕೆ ಎಲ್ಲರೂ ಒಂದು ಹೆಜ್ಜೆ ಸರಿದು ಜಾಗ ಬಿಟ್ಟರು. ಕಾವ್ಯಶ್ರೀ ಕೊಡವನ್ನು ನಲ್ಲಿಯ ಕೆಳಗಿಟ್ಟಳು. ನೀರು ಬರುವುದು ಎಂಟು ಗಂಟೆಯವರೆಗೆ ಮಾತ್ರ. ಒಂದು ತುಂಬಿತು. ಇನ್ನೊಂದನ್ನು ಹಿಡಿದಳು.