ಬೇರೆ ಇಟ್ಟ ಮೀನಿನ ಆರೋಗ್ಯ ವಿಚಾರಣೆ

ಮೊನ್ನೆ ನಮ್ಮ ಬಚ್ಚಲಿನ ನಲ್ಲಿ ಸರಿ ಮಾಡಲು ಬಂದವನು ಅಂಗಳದಲ್ಲಿ ಕುಳಿತು ಪಿವಿಸಿ ಪೈಪನ್ನು ಗರಗಸದಿಂದ ಕೊಯ್ದ. ಬಿಸಿಯಾದ ಪ್ಲಾಸ್ಟಿಕ್ಕಿನ ಆ ಕಮಟು ಮೂಗಿಗೆ ಬಡಿದದ್ದೇ ಬೊಂಬಾಯಿ ಮಾವ ನೆನಪಾದರು. ಬೇರೆಯವರಿಗೆ ಮಲ್ಲಿಗೆಯ ಪರಿಮಳದಿಂದ ಯಾರ್ಯಾರೋ ನೆನಪಾಗುತ್ತಾರಂತೆ. ನನ್ನ ಯೋಗ್ಯತೆಗೆ ಪೈಪು, ಪೈಪಿನಿಂದ ಮಾವ.

ಸಂಬಂಧದಲ್ಲೇನೂ ಮಾವನಲ್ಲ, ಕೋಟದಲ್ಲಿ ನಮ್ಮ ಪಕ್ಕದ ಮನೆಯವರು. ಬೊಂಬಾಯಿಯ ಕ್ಯಾಂಟೀನೊಂದರಲ್ಲಿ ಅರ್ಧ ಆಯುಷ್ಯ ಸವೆಸಿ ಊರಿಗೆ ಬಂದು, ಹೆದ್ದಾರಿ ಬದಿಯಲ್ಲಿ ಜ್ಯೂಸ್ ಅಂಗಡಿ ಇಟ್ಟಿದ್ದರು. ಅಲ್ಲಿಂದ ತಂದ ಆಸ್ತಿಯೆಂದರೆ ಮಾತಿಗೊಂದು ‘ಕ್ಯಾ ರೇ’, ಮತ್ತೆ ಯಾವುದೋ ಸೇಠನ ಮನೆಯಲ್ಲಿ ಕಂಡು ಹಿಡಿಸಿಕೊಂಡ ಉಪ್ಪುನೀರಿನ ಮೀನುತೊಟ್ಟಿಯ ಹುಚ್ಚು. ಊರವರ ದನಿ ಅಣಕಿಸುವುದೊಂದು ಬಿಟ್ಟು ಬೇರೆ ಕಸುಬು ಕಲಿಯದ ನನಗೆ ಅವರು ಪುಕ್ಕಟೆ ಸಿಕ್ಕ ಸರಕು. ಆ ‘ಕ್ಯಾ ರೇ’ಯನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ ಮಾರಿದ್ದೇನೋ…

ಅಂಗಡಿಯ ಮೂಲೆಯಲ್ಲಿ ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ಸಮುದ್ರದ ಬಣ್ಣದ ಮೀನುಗಳು. ಕೈಯಲ್ಲಿ ಬಂಗುಡೆಯ ಚೀಲ ಹಿಡಿದುಕೊಂಡೇ ಜನ ಅದರ ಮುಂದೆ ನಿಂತು, “ಇದ್ ಸಾರಿಗಾ, ಫ್ರೈಗಾ?” ಎಂದು ಕೇಳುತ್ತಿದ್ದರು. ಮಾವ ನಗುತ್ತಿರಲಿಲ್ಲ. ಒಮ್ಮೆ ಹೊಸ ಮೀನೊಂದನ್ನು ತರಿಸಿ ನೇರವಾಗಿ ತೊಟ್ಟಿಗೇ ಬಿಟ್ಟರು. ನಾಲ್ಕಾರು ದಿನದಲ್ಲಿ ಎಲ್ಲದರ ಮೈಮೇಲೂ ಉಪ್ಪಿನ ಪುಡಿ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಒಂದೂ ಉಳಿಯಲಿಲ್ಲ. ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ಅಂದೇ ತೀರ್ಪು ಕೊಟ್ಟರು: “ಇನ್ನೊಂದ್ ಸಲ ಮೀನ್ ಸತ್ರೆ ಆ ತೊಟ್ಟಿ ತೆಗ್ದ್ ಹಾಕುದೇ. ಆ ಜಾಗ್ದಗೆ ಐಸ್‌ಕ್ರೀಮಿನ್ ಪೆಟ್ಟಿ ಇಡುದ್.” ಅತ್ತೆಯ ಅಣ್ಣನಿಗೆ ಬೈಂದೂರಿನಲ್ಲಿ ಐಸ್‌ಕ್ರೀಮ್ ಏಜೆನ್ಸಿ. ಪೆಟ್ಟಿ ತಯಾರಾಗಿಯೇ ಇತ್ತು.

ಹಾಗಾಗಿ ಮುಂದಿನ ಸಲ ಬೊಂಬಾಯಿ ರೈಲಿನಲ್ಲಿ ಥರ್ಮಾಕೋಲ್ ಡಬ್ಬಿಯೊಳಗೆ ಬಂದ ಜೋಡಿಯನ್ನು, ಕಿತ್ತಳೆ ಮೈಗೆ ಬಿಳಿ ಪಟ್ಟೆ ಇದ್ದವನ್ನು, ಮಾವ ಮನೆಯಲ್ಲೇ ಬೇರೆಯಾಗಿ ಇಟ್ಟರು. ಕೆಲವು ವಾರ ರೋಗ ಕಾಣದಿದ್ದರೆ ಮಾತ್ರ, ಅಂಗಡಿಯಲ್ಲಿ ಹೊಸ ನೀರು ತುಂಬಿಸಿ ಖಾಲಿ ಇಟ್ಟಿದ್ದ ತೊಟ್ಟಿಗೆ. ಆ ಆರೈಕೆ ನೋಡಬೇಕಿತ್ತು! ಅಡಗಿಕೊಳ್ಳಲು ಪೈಪಿನ ತುಂಡುಗಳು, ಮೈ ತರಚಬಾರದೆಂದು ಅವುಗಳ ಅಂಚಿಗೆ ಮರಳುಕಾಗದದ ಉಜ್ಜಾಟ. ಹೆದರಬಾರದೆಂದು ಗಾಜಿನ ಮೂರು ಬದಿಗೆ ಕಪ್ಪು ಕಾಗದ, ಮೇಲೆ ಮಿಣಿಮಿಣಿ ಬಲ್ಬು, ಹಾರಿ ಬೀಳದಂತೆ ಬಲೆಯ ಮುಚ್ಚಳ. ನೀರು ಶುದ್ಧ ಮಾಡುವ ಸ್ಪಂಜನ್ನೂ ವಾರಗಟ್ಟಲೆ ಮುಂಚೆಯೇ ಉಪ್ಪುನೀರಿನಲ್ಲಿ ನೆನೆಹಾಕುವ ಉಪಚಾರ. ನಮ್ಮ ಮನೆಯಲ್ಲಿ ಒಂದೇ ಫ್ಯಾನಿನ ಕೆಳಗೆ ಇಡೀ ಸಂಸಾರ ಮಲಗುತ್ತಿತ್ತು. ಇಲ್ಲಿ ಬೆರಳುದ್ದದ ಎರಡು ಪ್ರಾಣಿಗಳಿಗೆ ಬಾಣಂತಿ ಕೋಣೆ.

“ಮೆಲ್ಲಗ್ ಮಾತಾಡಾ, ಹೆದರ್ಕಂತೊ” ಎಂದು ನನಗೇ ಗದರಿದರು.

“ಜೋಗುಳ ಹೇಳುಕಾ ಮಾವ?” ಎಂದೆ.

ಆದರೆ ಮೀನನ್ನು ಬೇರೆ ಇಟ್ಟಿದ್ದಾರೆ ಎಂಬ ಸುದ್ದಿ ಊರಲ್ಲಿ ನಡೆಯುತ್ತಾ ನಡೆಯುತ್ತಾ ಮೀನಿಗೆ ಹುಷಾರಿಲ್ಲ ಎಂದಾಯಿತು. ನಮ್ಮಲ್ಲಿ ಯಾರಿಗಾದರೂ ಹುಷಾರಿಲ್ಲವೆಂದರೆ ಹೋಗಿ ಕಂಡು ಬರಲೇಬೇಕು. ಹೋಗದಿದ್ದರೆ ಅದನ್ನು ಮೊಮ್ಮಕ್ಕಳ ಕಾಲದವರೆಗೂ ನೆನಪಿಡುತ್ತಾರೆ. ಬಂದರು, ಬಾಳೆಹಣ್ಣು ಹಿಡಿದುಕೊಂಡು ಸಾಲಾಗಿ ಬಂದರು. “ಗಂಜಿ ತಿಳಿ ಹಾಕಿ ಕಾಣಿ ಮಾರಾಯ್ರೆ” ಎಂದಿತು ಒಂದು ಮುದುಕಿ. ಬ್ರಹ್ಮಾವರದಿಂದ ಬಸ್ಸಿಳಿದು ಬಂದವರೊಬ್ಬರು ಗಾಜಿಗೆ ಉಂಗುರದಿಂದ ಕುಟ್ಟಿ, “ಹ್ವಾಯ್, ಹೊರ್ಗ್ ಬನ್ನಿ, ಎಂತ ನಾಚ್ಕಿ!” ಎಂದರು. ಮೀನುಗಳು ಪೈಪಿನೊಳಗೆ ಸೇರಿದವು ಹೊರಗೆ ಬರಲಿಲ್ಲ. ತಿನ್ನುವುದನ್ನೂ ಬಿಟ್ಟವು.

ಮಾವನಿಗೆ ‘ಬರಬೇಡಿ’ ಎನ್ನಲು ಬಾಯಿ ಬರಲಿಲ್ಲ. ಎಲ್ಲರೂ ಅಂಗಡಿಗೆ ಬರುವ ಗಿರಾಕಿಗಳೇ. ಕೊನೆಗೆ ಅವರ ಕ್ಯಾಂಟೀನ್ ತಲೆಗೆ ಹೊಳೆದ ಉಪಾಯ: “ಸತ್ ಹ್ವಾದೊ ಅಂತ ಹೇಳ್ ಬಾ ಮಗ. ಹುಷಾರಾದ್ ಮೇಲ್ ಬೇರೆ ತರ್ಸಿದ್ ಅಂದ್ರಾಯ್ತ್.” ಅತ್ತೆ ಆಗ ಅಣ್ಣನ ಮಗಳ ಬಾಣಂತನ ಮಾಡಲೆಂದು ಬೈಂದೂರಿನ ತವರಿನಲ್ಲಿದ್ದರು. ನಾನು ಊರಿಡೀ ಹೇಳಿ ಬಂದೆ, ಗಂಟಲು ಗದ್ಗದ ಮಾಡಿಕೊಂಡು. ಮತ್ತೆ ಜನ ಬಂದರು, ಈ ಸಲ ಸಮಾಧಾನ ಹೇಳಲು. ಮಾವ ಜಗಲಿಯಲ್ಲಿ ತಲೆ ತಗ್ಗಿಸಿ ಕುಳಿತು ಎಲ್ಲರಿಂದ ಬಾಳೆಹಣ್ಣು ಈಸಿಕೊಂಡರು. ಒಳಗೆ, ಅದೇ ಸಂಜೆ, ಎರಡೂ ಮೀನು ಪೈಪಿನಿಂದ ಹೊರಬಂದು ತಿಂದವು.

ಆಮೇಲೆ ಭೇಟಿ ನಿಂತಿತು. ಸುದ್ದಿ ಮಾತ್ರ ನಿಲ್ಲಲಿಲ್ಲ, ಬಸ್ಸು ಹತ್ತಿ ಬೈಂದೂರಿಗೆ ಹೋಯಿತು. ಒಂದು ಮಧ್ಯಾಹ್ನ ಅತ್ತೆಯ ಅಣ್ಣ ಟೆಂಪೋದಲ್ಲಿ ಐಸ್‌ಕ್ರೀಮ್ ಪೆಟ್ಟಿ ಹೇರಿಕೊಂಡು ಅಂಗಡಿಯೆದುರು ಇಳಿದರು. “ಬೇಜಾರ್ ಮಾಡ್ಕಣ್ಬೇಡಿ ಬಾವ, ಹ್ವಾದ್ ಹ್ವಾಯ್ತ್” ಎಂದು ಮಾವನ ಬೆನ್ನು ತಟ್ಟಿ, ತೊಟ್ಟಿಯ ನೀರು ಚರಂಡಿಗೆ ಬಿಟ್ಟು, ಗಾಜನ್ನು ಟೆಂಪೋಕ್ಕೆ ಬಿಗಿದರು. ಮಾವ ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಸಮಾಧಾನ ಹೇಳಿ ಹೋದವರೇ ಅಲ್ಲಿ ಬೆಂಚಿನ ಮೇಲೆ ನಿಂಬೆ ಶರಬತ್ತು ಕುಡಿಯುತ್ತಾ ಕುಳಿತಿದ್ದರು. ಅವರ ಎದುರು, ಮೀನು ಬದುಕಿವೆ, ನಿಮ್ಮ ಬಾಳೆಹಣ್ಣು ಸುಮ್ಮನೆ ತಿಂದೆ ಎನ್ನುವುದು ಹೇಗೆ? ಮರ್ಯಾದೆಗೆ ಅಂಜಿದ ಮನುಷ್ಯ ಟೆಂಪೋಕ್ಕೆ ಹಗ್ಗ ಕಟ್ಟಲು ಕೈ ಕೊಟ್ಟರು. ಅಂಥ ಹೇಡಿತನವನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಕನ್ನಡಿಯಲ್ಲಿ ಬಿಟ್ಟರೆ ಅಲ್ಲೇ.

ಅತ್ತೆ ಮನೆಗೆ ಬಂದು ನೋಡಿದರೆ ಮೀನುಗಳು ಮಲಗುವ ಕೋಣೆಯಲ್ಲಿ ಸುಖವಾಗಿದ್ದವು. “ಸತ್ತೊ ಅಂದ್ರಲೆ?” ಎಂದು ಕಿರುಚಿದರು.

“ಮೆಲ್ಲಗೆ… ಹೆದರ್ಕಂತೊ” ಎಂದರು ಮಾವ.

ಊರಿಗೆಲ್ಲ ತೋರಿಸಲೆಂದು ತರಿಸಿದ ಮೀನನ್ನು ಆಮೇಲೆ ಯಾರಿಗೂ ತೋರಿಸುವಂತಿರಲಿಲ್ಲ. ಬೇರೆ ಮೀನೆಂದು ಹೇಳೋಣವೆಂದರೆ ಹಾಕಿಡಲು ತೊಟ್ಟಿಯೇ ಇಲ್ಲ. ಅವು ಆ ಸಣ್ಣ ಗಾಜಿನೊಳಗೇ ವರ್ಷಗಟ್ಟಲೆ ಬದುಕಿದವು. ಮಾವ ಪಡುಕರೆಯಿಂದ ಸ್ಕೂಟರಿನಲ್ಲಿ ಸಮುದ್ರದ ನೀರು ತರುತ್ತಿದ್ದರು, ಕೇಳಿದವರಿಗೆ “ಕಾಲ್ ನೋವಿಗೆ” ಎನ್ನುತ್ತಿದ್ದರು. ಅತ್ತೆ ಬೈಯುತ್ತಲೇ ಸೀಗಡಿ ಸಣ್ಣಗೆ ಹೆಚ್ಚಿ ಹಾಕುತ್ತಿದ್ದರು. ಕೊನೆಕೊನೆಗೆ ಆ ಬೈಗುಳವೂ ಪಿಸುದನಿಗೆ ಇಳಿದಿತ್ತು.

ಒಂದು ಬೇಸಗೆಯಲ್ಲಿ ಮಾವ ಎದೆ ಹಿಡಿದುಕೊಂಡವರು ಏಳಲಿಲ್ಲ. ಮನೆ ತುಂಬಾ ಜನ. ಆ ಕೋಣೆಯ ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಬಂದವರೆಲ್ಲ ಹೋದ ಮೇಲೆ ಒಂದು ಬೆಳಿಗ್ಗೆ ಅತ್ತೆ ಬೇಲಿಯ ಹತ್ತಿರ ಬಂದು ಕರೆದರು. ಒಂದು ಮೀನು ಅಡ್ಡ ಬಿದ್ದಿತ್ತು. ಮರುವಾರ ಇನ್ನೊಂದೂ ಹೋಯಿತು. ಸಮುದ್ರದ ನೀರು ತರುವುದು ಯಾರಿಗೂ ನೆನಪಾಗಿರಲಿಲ್ಲ… ಎರಡನ್ನೂ ಹಿತ್ತಿಲಿನಲ್ಲಿ ಹೂತೆ.

“ಯಾರ್ ಹತ್ರ ಹೇಳುದ್ ಮಗ?” ಎಂದರು ಅತ್ತೆ. ಊರಿನ ಲೆಕ್ಕದಲ್ಲಿ ಅವು ಸತ್ತು ಎಷ್ಟೋ ಕಾಲವಾಗಿತ್ತು. ಅದಕ್ಕಾಗಿ ಬರಬೇಕಾದವರು ಬಂದು, ಸಮಾಧಾನ ಹೇಳಿ, ಹೋಗಿಯೂ ಆಗಿತ್ತು.

ಈಗಲೂ ಅತ್ತೆ ಆ ಕೋಣೆಯಲ್ಲಿ ಸಂಜೆ ಟಿವಿ ಹಾಕುತ್ತಾರೆ. ಕಿವಿಗೊಟ್ಟರೂ ಕೇಳದಷ್ಟು ಸಣ್ಣಗೆ. ದನಿ ಜೋರು ಮಾಡಿ ಎಂದು ನಾನೂ ಈವರೆಗೆ ಹೇಳಿಲ್ಲ.