ಅಪ್ಪ ತುಂಬಿಸಿಟ್ಟ ಕ್ಯಾಸೆಟ್

ವಿಶ್ವದ ಎಳವೆಯ ಹೈಡ್ರೋಜನ್ ಬಿಟ್ಟ ಕ್ಷೀಣ ರೇಡಿಯೊ ಅಲೆಗಳಲ್ಲಿ, ಕಣ್ಣಿಗೆ ಕಾಣದ ಕಪ್ಪು ದ್ರವ್ಯದ ಗುರುತು ಹುಡುಕುವುದು ನನ್ನ ಸಂಶೋಧನೆ. ಯರಗಟ್ಟಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪನಿಗೆ, ಸ್ಟೇಷನ್ ಇಲ್ಲದ ಕಡೆ ಸುಂಯ್ಯೆನ್ನುವ ಸದ್ದಿನಲ್ಲೇ ಆ ಅಲೆಗಳೂ ಸೇರಿರುತ್ತವೆ ಎಂದಿದ್ದೆ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಕ್ಯಾಸೆಟ್ ಕೊಟ್ಟ. ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಆ ಸದ್ದನ್ನೇ ತುಂಬಿಸಿದ್ದ.

"ಕೆಮ್ಮು ಬಂದಾಗೊಮ್ಮೆ ಹೊರಗ ಓಡಿ ಹೋಗೇನಿ ನೋಡವಾ. ನಿನ್ನ ಸಿಗ್ನಲ್ ಕೆಡಬಾರದಲ್ಲ!"

"ಇದು ಯಾತಕ್ಕೂ ಬರೂದಿಲ್ಲಪ್ಪಾ" ಎಂದು ನಕ್ಕುಬಿಟ್ಟೆ. ನನ್ನ ಧಿಮಾಕಿಗೆ ಬೆಂಕಿ ಬೀಳಲಿ.

ಅಪ್ಪ ತೀರಿಹೋದ ಮೇಲೆ, ಅವನ ಒಂದೇ ಒಂದು ಕೆಮ್ಮಾದರೂ ಸಿಕ್ಕೀತೆಂದು ಕ್ಯಾಸೆಟ್ಟಿನ ಎರಡೂ ಬದಿ ಕೇಳಿದೆ. ಎಲ್ಲೂ ಇಲ್ಲ. ಕೆಲಸದಲ್ಲಿ ಅಪ್ಪ ಅಷ್ಟು ಅಚ್ಚುಕಟ್ಟು.